ಗ್ರಾಮಾಂತರ ಎಲ್ಲಿ ಹೋಯ್ತು ಸ್ವಾಮಿ?

ನೆಲಮಂಗಲದ ಆಚೆ ಒಂದು ಎಮ್ಮೆ ಮೇಯುತ್ತಿತ್ತು ಅಂತಿಟ್ಟುಕೊಳ್ಳಿ. 2025ರ ಜುಲೈ 2ರ ಬೆಳಗ್ಗೆ ಅದು ಬೆಂಗಳೂರು ಗ್ರಾಮಾಂತರದ ಎಮ್ಮೆ. ಅವತ್ತೇ ನಂದಿಬೆಟ್ಟದ ಮೇಲೆ ಸಂಪುಟ ಸಭೆ ನಡೆದು ಜಿಲ್ಲೆಯ ಹೆಸರು ಬದಲಿಸೋ ತೀರ್ಮಾನ ಆಯಿತು. ಸಂಜೆ ಕೊಟ್ಟಿಗೆಗೆ ಬರುವಷ್ಟರಲ್ಲಿ ಅದು ಬೆಂಗಳೂರು ಉತ್ತರದ ಎಮ್ಮೆ. ಹಾಲು ಮಾತ್ರ ನಿನ್ನೆಯಷ್ಟೇ ಕೊಟ್ಟಿತು.

ಅದಕ್ಕೂ ಮೊದಲು ಮೇ ತಿಂಗಳಲ್ಲಿ ರಾಮನಗರ ಬೆಂಗಳೂರು ದಕ್ಷಿಣ ಆಗಿತ್ತು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದು, ರಾಗಿ ಬೆಳೆಯೋ ಕಡೆಗೆ ‘ಗ್ರಾಮಾಂತರ’ ಅಂತ ಹೆಸರಿಟ್ಟಿದ್ದರು. 2007ರಲ್ಲಿ ಅದರೊಳಗಿಂದ ರಾಮನಗರ ಹೊರಬಂತು. ಈಗ ಎರಡೂ ಬೆಂಗಳೂರೇ. ಹಳ್ಳಿ ಇಲ್ಲ ಅನ್ನಿಸೋಕೆ ಬುಲ್ಡೋಜರ್ ಯಾಕೆ ಬೇಕು? ಬೋರ್ಡ್ ಬರೆಯುವವನು ಸಾಕು. ತಿಪ್ಪೆ ಇದ್ದಲ್ಲೇ ಇದೆ. ಅದರ ಪಕ್ಕದ ಸೈಟಿನ ರೇಟು ಮಾತ್ರ ಇದ್ದಲ್ಲಿಲ್ಲ.

ಹಳ್ಳಿ ಅನ್ನೋ ಪದಕ್ಕೆ ನಾವು ಯಾವತ್ತೂ ಮರ್ಯಾದೆ ಕೊಟ್ಟವರಲ್ಲ ಬಿಡಿ. ‘ಕುಗ್ರಾಮದ ಹುಡುಗ ಐಎಎಸ್’ ಅಂತ ಪೇಪರಿನಲ್ಲಿ ಬರುತ್ತೆ. ಒಳಗೆ ಓದಿದರೆ ಆ ಊರಲ್ಲಿ ಹೈಸ್ಕೂಲಿದೆ, ಹಾಲಿನ ಡೇರಿ ಇದೆ, ಎರಡು ಬಾರ್ ಕೂಡ ಇವೆ. ಆದರೂ ಕುಗ್ರಾಮ. ಈ ‘ಕು’ದ ನೆಂಟರಿಷ್ಟರನ್ನು ನೋಡಿ: ಕುತಂತ್ರ, ಕುಖ್ಯಾತ, ಕುಬುದ್ಧಿ, ಕುರೂಪ. ಆ ಸಾಲಿನ ಕೊನೆಗೆ ಪಾಪ, ಗ್ರಾಮವನ್ನೂ ನಿಲ್ಲಿಸಿದ್ದೇವೆ. ಕುನಗರ ಅನ್ನೋ ಪದ ಎಲ್ಲಾದರೂ ಕೇಳಿದ್ದೀರಾ? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಗಂಟೆ ನಿಂತವರ ಬಾಯಿಂದಲೂ ಅದು ಬಂದಿಲ್ಲ.

ನಾಯಕರ ಬಾಯಲ್ಲಿ ಬರೋದು ಇನ್ನೊಂದು. ‘ನೀರು ನೆರಳಿಲ್ಲದ ಜಾಗಕ್ಕೆ ಎತ್ತಿ ಹಾಕಿಸ್ತೀನಿ’ ಅಂತ ಅಧಿಕಾರಿಗೆ ಗದರುತ್ತಾರೆ. ಆ ಜಾಗದಲ್ಲೂ ಜನ ಇದ್ದಾರೆ, ಸ್ವಾಮಿ. ವೋಟನ್ನೂ ಹಾಕಿದ್ದಾರೆ. ಅಲ್ಲಿ ನೀರಿಲ್ಲ ಅನ್ನೋದು ನಿಮಗೆ ಗೊತ್ತಿದೆ ಅಂತ ನೀವೇ ಮೈಕಿನಲ್ಲಿ ಹೇಳಿದಂತಾಯ್ತಲ್ಲ?

ಪ್ರಾದೇಶಿಕ ಅಸಮತೋಲನ ನೋಡೋಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕು ಅಳೆದು 114 ಹಿಂದುಳಿದಿವೆ ಅಂತ ಲೆಕ್ಕ ಕೊಟ್ಟಿತು. ಅದರಲ್ಲಿ ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ಲೆಕ್ಕ ಶ್ರದ್ಧೆಯಿಂದಲೇ ಮಾಡಿದ್ದು, ಅದರಲ್ಲಿ ತಮಾಷೆ ಇಲ್ಲ. ಆದರೆ ‘ಅತಿ’ಗೂ ‘ಅತ್ಯಂತ’ಕ್ಕೂ ಇರೋ ದೂರ ಎಷ್ಟು ಅಂತ ವ್ಯಾಕರಣದ ಮೇಷ್ಟ್ರನ್ನ ಕೇಳಿ ನೋಡಿ, ತಲೆ ಕೆರೆದುಕೊಳ್ತಾರೆ. 2018ರಲ್ಲಿ ದೆಹಲಿಯವರು ಈ ತಲೆನೋವೇ ಬೇಡ ಅಂತ ‘ಮಹತ್ವಾಕಾಂಕ್ಷಿ ಜಿಲ್ಲೆ’ ಅಂದುಬಿಟ್ಟರು. ನಮ್ಮ ಪಾಲಿಗೆ ರಾಯಚೂರು, ಯಾದಗಿರಿ. ಗುಳೆ ಹೋಗೋಕೆ ಗಂಟುಮೂಟೆ ಕಟ್ಟಿಕೊಂಡು ಯಾದಗಿರಿ ಸ್ಟೇಷನ್ನಿನಲ್ಲಿ ಕೂತವರು ಈಗ ಮಹತ್ವಾಕಾಂಕ್ಷೆಯಿಂದ ರೈಲು ಕಾಯ್ತಾರೆ.

ಇವೆಲ್ಲಕ್ಕಿಂತ ನನಗೆ ಪ್ರೀತಿಯ ಪದ ಒಂದಿದೆ. ಬೇಚರಾಕ್. ಕಂದಾಯ ಇಲಾಖೆಯವರ ಮಾತು. ಮೂಲ ಪರ್ಷಿಯನ್. ಚಿರಾಗ್ ಅಂದರೆ ದೀಪ, ಬೇ ಅಂದರೆ ಇಲ್ಲದ್ದು. ದೀಪ ಹಚ್ಚೋಕೆ ಜನವೇ ಇಲ್ಲದ ಊರು. ಪ್ಲೇಗೋ ಬರವೋ ಬಂದು ಎಂದೋ ಎಲ್ಲರೂ ಎದ್ದು ಹೋಗಿರುತ್ತಾರೆ. ಒಂದು ಹನುಮಪ್ಪನ ಗುಡಿ, ಒಂದು ಹುಣಸೆ ಮರ, ಹೂಳು ತುಂಬಿದ ಬಾವಿ ಉಳಿದಿರುತ್ತೆ. ಯಾವ ಗುಮಾಸ್ತನಿಗೆ ಹೊಳೆಯಿತೋ, ‘ನಿರ್ಜನ’ ಅಂತ ಬರೆದು ಕೈತೊಳೆದುಕೊಳ್ಳದೆ ದೀಪ ಇಲ್ಲ ಅಂತ ಬರೆದಿದ್ದಾನೆ. ಇವತ್ತಿನ ಸುತ್ತೋಲೆ ಬರೆಯುವವರ ಕೈಲಿ ಆಗುತ್ತಾ ಇದು?

ಮಜಾ ಏನು ಗೊತ್ತಾ? ಈ ದೀಪವಿಲ್ಲದ ಊರಿಗೆ ಹೆಸರಿದೆ, ನಕ್ಷೆ ಇದೆ, ಸರ್ವೆ ನಂಬರಿದೆ. ಪಕ್ಕದ ತಾಂಡಾದಲ್ಲೋ ಗೊಲ್ಲರಹಟ್ಟಿಯಲ್ಲೋ ಸಂಜೆಯಾದರೆ ದೀಪ ಹತ್ತುತ್ತೆ, ಮಕ್ಕಳು ಅಳುತ್ತವೆ, ಒಲೆ ಉರಿಯುತ್ತೆ. ಆದರೆ ಕಡತದ ಪ್ರಕಾರ ಅದು ಊರಲ್ಲ. ‘ದಾಖಲೆಯಿಲ್ಲದ ಜನವಸತಿ.’ ಅಂಥ 1,475 ಜನವಸತಿಗಳು ಐದು ಜಿಲ್ಲೆಗಳಲ್ಲಿ ಕಂದಾಯ ಗ್ರಾಮ ಆಗೋಕೆ ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ಕಳೀಬೇಕಾಯ್ತು. 2023ರ ಜನವರಿಯಲ್ಲಿ ಪ್ರಧಾನಿಯೇ ಬಂದು ಹಕ್ಕುಪತ್ರ ಹಂಚಿದರು. ಒಳ್ಳೇ ಕೆಲಸ, ಅದನ್ನ ಆಡಿಕೊಳ್ಳೋದಿಲ್ಲ. ಆದರೆ ಹಂಚಿದ ಜಾಗ ಕಲಬುರಗಿ ಜಿಲ್ಲೆಯ ಮಳಖೇಡ. ನೃಪತುಂಗನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ! ಒಂಬತ್ತನೇ ಶತಮಾನದಲ್ಲಿ ಅಲ್ಲಿನ ಯಾವುದಾದರೂ ಅಧಿಕಾರಿಯನ್ನು ಬೆಂಗಳೂರಿನ ಕಡೆಗೆ ವರ್ಗ ಮಾಡಿದ್ದರೆ, ನೀರು ನೆರಳಿಲ್ಲದ ಜಾಗಕ್ಕೆ ಹಾಕಿದರು ಅಂತ ಹೆಂಡತಿ ಮುಂದೆ ಅತ್ತಿರುತ್ತಿದ್ದ.

ಇಲ್ಲಿಗೇ ನಕ್ಕು ಮುಗಿಸಬಹುದಿತ್ತು. ಆದರೆ ಇಂಡಿಗನತ್ತ ನೆನಪಾಗುತ್ತೆ. ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರು. ರಸ್ತೆ ಇಲ್ಲ, ನೀರಿಲ್ಲ, ವೋಟು ಹಾಕಲ್ಲ ಅಂದರು. 2024ರ ಏಪ್ರಿಲ್ 26ರಂದು ಗಲಾಟೆಯಾಗಿ ಮತಗಟ್ಟೆ ಧ್ವಂಸವಾಯ್ತು, ಜನರ ಮೇಲೆ ಕೇಸು ಬಿತ್ತು. 29ಕ್ಕೆ ಮರುಮತದಾನ. ಮೂರೇ ದಿನ! ಯಂತ್ರ ಹೋಯ್ತು, ಸಿಬ್ಬಂದಿ ಹೋದರು, ಪೊಲೀಸರು ಹೋದರು. ಅವತ್ತು ಆ ಊರು ಯಾರಿಗೂ ದುರ್ಗಮ ಆಗಿರಲಿಲ್ಲ. ಅದೇ ಬೆಟ್ಟದ ಊರುಗಳಿಂದ ಹೆರಿಗೆ ನೋವು ಬಂದ ಹೆಂಗಸರನ್ನು ಡೋಲಿ ಕಟ್ಟಿ ಹೊತ್ತು ತರ್ತಾರೆ. ಒಂದು ಕೋಲು, ಒಂದು ಬಟ್ಟೆ, ಹೆಗಲು ಕೊಡೋಕೆ ಗಂಡಸರು. ಮತ್ತೆ ಮತ್ತೆ ಅದೇ ಫೋಟೊ, ಕೆಳಗೆ ‘ಕುಗ್ರಾಮದ ಕರುಣಾಜನಕ ಕಥೆ’. ಕರುಣಾಜನಕ ಅಲ್ಲ ಕಣ್ರೀ. ಅಸಹ್ಯ. ಬರೆದೂ ಬರೆದೂ ಸಾಕಾಗಿದೆ.

ಇರಲಿ. ಮಲೆನಾಡಿನಲ್ಲಿರೋ ನಮ್ಮ ಸೋದರತ್ತೆಗೆ ಮೊನ್ನೆ ಬಿಪಿ ನೋಡೋ ಮಷೀನು ಕಳಿಸಿದ್ದೆ. ಅತ್ತೆಯದ್ದು ಒಂಟಿಮನೆ. ಆ ಮನೆಗೇ ಒಂದು ಊರಿನ ಹೆಸರಿದೆ. ಕೊರಿಯರ್ ಹುಡುಗ ಫೋನ್ ಮಾಡಿದಾಗ ಅತ್ತೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಹತ್ತಿ ನಿಂತು ಮಾತಾಡಿದರಂತೆ. ಸಿಗ್ನಲ್ ಸಿಗೋದು ಅಲ್ಲಿ ಮಾತ್ರ, ಅದೂ ಒಂದೇ ಗೆರೆ.

‘ಲ್ಯಾಂಡ್‌ಮಾರ್ಕ್ ಹೇಳಿ ಮೇಡಂ.’

‘ನಮ್ಮನೆಯೇ ಮಾರಾಯ. ಬೇರೆ ಮನೆ ಇಲ್ಲ ಇಲ್ಲಿ.’

‘ಹತ್ತಿರ ಏನಾದ್ರೂ?’

‘ಹಲಸಿನ ಮರ ಇತ್ತು. ಮೊನ್ನೆ ಗಾಳಿಗೆ ಬಿತ್ತು.’

ಮರುದಿನ ನನಗೆ ಮೆಸೇಜ್ ಬಂತು, ಪಾರ್ಸೆಲ್ ಮನೆ ಬಾಗಿಲಿಗೆ ತಲುಪಿದೆ ಅಂತ. ತಲುಪಿದ್ದು ಹದಿನಾಲ್ಕು ಕಿಲೋಮೀಟರ್ ಆಚೆಯ ಪೇಟೆಯ ಕಿರಾಣಿ ಅಂಗಡಿಗೆ. ಅದನ್ನು ಅತ್ತೆಗೆ ತಿಳಿಸೋಣ ಅಂತ ಫೋನ್ ಹಚ್ಚಿದೆ. ಆ ಕಡೆಯಿಂದ ಒಬ್ಬಳು ಬಹಳ ನಯವಾಗಿ ಹೇಳಿದಳು: ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.