ನಗು ತರಿಸುವ ಪದಗಳಿಂದ ಯಾರಿಗೂ ತೊಂದರೆಯಿಲ್ಲ

ಯುರೋಪಿನಲ್ಲಿರುವ ನಮ್ಮವರ ಹತ್ತಿರ ಭಾಷೆಯ ಜೋಕುಗಳು ಒಂದಷ್ಟು ಇದ್ದೇ ಇರುತ್ತವೆ. ಇಟಲಿಯಲ್ಲಿ 'ಬುರ್ರೋ' ಅಂದರೆ ಬೆಣ್ಣೆ, ಸ್ಪೇನಿನಲ್ಲಿ ಕತ್ತೆ. ಇಂಗ್ಲಿಷಿನ 'ಗಿಫ್ಟ್' ಉಡುಗೊರೆ, ಜರ್ಮನ್ನಿನ 'ಗಿಫ್ಟ್' ವಿಷ. ಸ್ವೀಡನ್ನಿನಲ್ಲಿ ಅದೇ ಪದಕ್ಕೆ ವಿಷ ಅಂತಲೂ ಅರ್ಥ, ಮದುವೆಯಾದವರು ಅಂತಲೂ ಅರ್ಥ. ಜೋಕು ಇಲ್ಲಿಗೆ ಬಂದಾಗ ಗಂಡಸರು ಸ್ವಲ್ಪ ಜಾಸ್ತಿಯೇ ನಗುತ್ತಾರೆ. ನಾನಿರುವ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲೂ ಕನ್ನಡದವರು ಸೇರಿದರೆ ಇವೇ ಜೋಕುಗಳು.

ನನ್ನ ಅನಿಸಿಕೆ ಏನೆಂದರೆ, ಇಂಥ ಪದಗಳಿಂದ ಯಾರೂ ಎಡವುವುದಿಲ್ಲ. ಬ್ರೆಡ್ಡಿಗೆ ಕತ್ತೆ ಸವರುತ್ತಾರೆ ಅಂತ ಯಾರೂ ತಿಳಿಯುವುದಿಲ್ಲ. ತಪ್ಪು ಅರ್ಥ ಹಿಡಿದರೆ ವಾಕ್ಯವೇ ನಿಲ್ಲುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಹಾಗೆ ನೋಡಿದರೆ 'ಗಿಫ್ಟ್'ನಲ್ಲಿ ವಿಚಿತ್ರವೂ ಇಲ್ಲ. ಮೂರಕ್ಕೂ ಬೇರು 'ಕೊಡು' ಅನ್ನುವುದೇ. ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ, ಅಳೆದು ಕೊಟ್ಟ ಮದ್ದು ಹೋಗಿ ಹೋಗಿ ವಿಷ, ಹೆಣ್ಣು ಕೊಟ್ಟರೆ ಮದುವೆ. ಜರ್ಮನ್ನರು ವರದಕ್ಷಿಣೆಗೆ 'ಮಿಟ್‌ಗಿಫ್ಟ್' ಅನ್ನುತ್ತಾರೆ, ಅದರಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ. ನಮ್ಮಲ್ಲೂ ಡಾಕ್ಟರು ಮದ್ದು ಕೊಟ್ಟರು ಅಂದರೆ ಸಮಾಧಾನ, ಯಾರೋ ಮದ್ದು ಹಾಕಿದ್ದಾರೆ ಅಂದರೆ ಗಾಬರಿ, ಅಲ್ವಾ?

ನನಗೆ ಇದಕ್ಕಿಂತ ಚಂದ ಕಾಣುವುದು ಡಚ್ಚರ ಮತ್ತು ಜರ್ಮನ್ನರ ನೀರಿನ ಜಗಳ. ಎರಡೂ ಭಾಷೆಯಲ್ಲಿ 'ಝೇ' ಇದೆ, 'ಮೇರ್' ಇದೆ. ಡಚ್ಚರಿಗೆ ಝೇ ಸಮುದ್ರ, ಮೇರ್ ಸರೋವರ. ಜರ್ಮನ್ನರಿಗೆ ಮೇರ್ ಅಂದರೆ ಸಮುದ್ರ. ಮೆಡಿಟರೇನಿಯನ್ನಿಗೆ ಅವರು 'ಮಿಟಲ್‌ಮೇರ್' ಅನ್ನುತ್ತಾರೆ. ಸ್ವಿಸ್ ಗಡಿಯಲ್ಲಿರುವ ದೊಡ್ಡ ಸರೋವರ ಅವರಿಗೆ 'ಬೋಡನ್‌ಝೇ'. ಪೂರ್ತಿ ತಲೆಕೆಳಗು. ಅಷ್ಟಕ್ಕೇ ಮುಗಿಯುವುದಿಲ್ಲ. ಜರ್ಮನ್ನಿನಲ್ಲಿ ಝೇ ಪುಲ್ಲಿಂಗವಾದರೆ ಸರೋವರ, ಸ್ತ್ರೀಲಿಂಗವಾದರೆ ಸಮುದ್ರ. ಲಿಂಗ ಬದಲಾಯಿತೋ, ನೀರು ಉಪ್ಪಾಯಿತು! ಉತ್ತರ ಜರ್ಮನಿಗೆ ಹೋದರೆ ಅಲ್ಲಿನ 'ಸ್ಟೈನ್‌ಹೂಡರ್ ಮೇರ್' ಮತ್ತೆ ಸರೋವರವೇ, ಡಚ್ಚರ ಹಾಗೆ.

ಡಚ್ಚರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಲ್ಲಿ ಮೊದಲು 'ಝೌಡರ್‌ಝೇ' ಅಂತ ಉಪ್ಪುನೀರಿನ ಕೊಲ್ಲಿ ಇತ್ತು. 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ ಅದನ್ನು ಸಮುದ್ರದಿಂದ ಬೇರೆ ಮಾಡಿದರು. ಐಸೆಲ್ ನದಿಯ ನೀರು ಬಂದು ತುಂಬಿ ಉಪ್ಪು ಹೋಯಿತು. ಹೆಸರನ್ನೂ ಬಿಡಲಿಲ್ಲ, ಝೇ ತೆಗೆದು 'ಐಸೆಲ್‌ಮೇರ್' ಅಂತ ಮಾಡಿದರು. ಸಮುದ್ರಕ್ಕೆ ಸರೋವರ ಅಂತ ಹಿಂಬಡ್ತಿ. ಜರ್ಮನ್ ಕಿವಿಗೆ ಇದು ಸರೋವರಕ್ಕೆ ಸಮುದ್ರ ಅಂತ ಮುಂಬಡ್ತಿ ಕೊಟ್ಟ ಹಾಗೆ ಕೇಳಬಹುದು. ನಾವು ನಗುವ ಹಾಗಿಲ್ಲ ಬಿಡಿ. ಕೆರೆಗೆ ಸಮುದ್ರ ಅಂದು ಹೊಯ್ಸಳರ ರಾಜಧಾನಿಯನ್ನೇ ದೋರಸಮುದ್ರ ಎಂದು ಕರೆದವರು ನಾವು. ಕಾವೇರಿಗೆ ಅಣೆಕಟ್ಟು ಕಟ್ಟಿ ಕೃಷ್ಣರಾಜಸಾಗರ ಅಂದವರೂ ನಾವೇ.

ನಿಜವಾದ ತೊಂದರೆ ಸದ್ದಿಲ್ಲದ ಪದಗಳದ್ದು. ಇಂಗ್ಲಿಷಿನ 'ಇವೆಂಚುಅಲಿ' ಅಂದರೆ ತಡವಾದರೂ ಕೊನೆಗೆ ಆಗುವುದು. ಡಚ್ಚಿನ 'ಎವೆಂಟುಏಲ್' ಅಂದರೆ ಆದರೂ ಆಗಬಹುದು, ಅಷ್ಟೇ. ಜರ್ಮನ್, ಫ್ರೆಂಚ್, ಇಟಾಲಿಯನ್, ಸ್ವೀಡಿಷ್ ಎಲ್ಲದರಲ್ಲೂ ಹೀಗೇ. ಒಬ್ಬ ಡಚ್ ಸಹೋದ್ಯೋಗಿ ಇಂಗ್ಲಿಷಿನಲ್ಲಿ 'ಆ ಭಾಗವನ್ನು ಇವೆಂಚುಅಲಿ ಬದಲಾಯಿಸುತ್ತೇವೆ' ಅಂತ ಬರೆದರೆ ಬೆಂಗಳೂರಿನವರು ಅದನ್ನು ಮಾತು ಕೊಟ್ಟ ಹಾಗೆ ಓದುತ್ತಾರೆ. ಬರೆದವರು ಮಾತು ಕೊಟ್ಟಿರುವುದೇ ಇಲ್ಲ. ಎರಡು ಅರ್ಥದಲ್ಲೂ ವಾಕ್ಯ ಸರಿಯಾಗಿಯೇ ಇದೆ. ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ.

ಇಂಥ ಕಡೆ ನಮ್ಮವರು 'ಇವರಿಗೆ ಇಂಗ್ಲಿಷ್ ಬರಲ್ಲ' ಅಂದುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಾವು ಯುರೋಪಿಗೆ ಇಂಗ್ಲಿಷಿನ ಬಾಗಿಲಿನಿಂದ ಬಂದವರು, ಅದಕ್ಕೇ ಅದು ನಮಗೆ ಅಳತೆಗೋಲು. ಈ ಪದದಲ್ಲಿ ನೆರೆಯವರೆಲ್ಲ ಒಂದು ಕಡೆ ಇದ್ದಾರೆ, ಇಂಗ್ಲಿಷ್ ಒಂದೇ ಬೇರೆ ದಾರಿ ಹಿಡಿದಿದೆ. 'ಆ್ಯಕ್ಚುಅಲಿ' ಕಥೆಯೂ ಅದೇ. ಉಳಿದವರಿಗೆ ಅದು 'ಸದ್ಯದ' ಎನ್ನುವುದಕ್ಕೆ ಹತ್ತಿರ, ಇಂಗ್ಲಿಷಿಗೆ ಮಾತ್ರ 'ನಿಜವಾಗಿ'.

ಕನ್ನಡಿಗರಿಗೆ ಇದು ಹೊಸದೂ ಅಲ್ಲ. ದಿಲ್ಲಿಯ 'ಶಿಕ್ಷಾ ಮಂತ್ರಾಲಯ' ದಂಡಿಸುವ ಇಲಾಖೆಯಲ್ಲ ಅಂತ ನಮಗೆ ಗೊತ್ತು. ಆದರೆ 'ಅನುಮಾನ' ನೋಡಿ. ಹಿಂದಿಯವರು 'ಬಾರಿಶ್ ಕಾ ಅನುಮಾನ್ ಹೈ' ಅಂದರೆ ಮಳೆ ಬರುವ ಅಂದಾಜಿದೆ ಅಂತ. ನಾವು 'ಮಳೆ ಬರೋದು ಅನುಮಾನ' ಅಂದರೆ ಕೊಡೆ ಮನೆಯಲ್ಲೇ ಬಿಡಬಹುದು.

ಅಂಕಿಗಳಲ್ಲೂ ಇದೇ ಪಾಡು. ಇಂಗ್ಲಿಷಿನ ಬಿಲಿಯನ್ 100 ಕೋಟಿ, ಜರ್ಮನ್ನಿನ 'ಬಿಲಿಯೋನ್' ಒಂದು ಲಕ್ಷ ಕೋಟಿ. 100 ಕೋಟಿಗೆ ಅವರು 'ಮಿಲಿಯಾರ್ಡೆ' ಅನ್ನುತ್ತಾರೆ. ಬ್ರಿಟನ್ ಸರ್ಕಾರವೂ 1974ರಲ್ಲಷ್ಟೇ ಅಮೆರಿಕದ ಲೆಕ್ಕಕ್ಕೆ ಬಂದಿತು.

ದಿನದಿನವೂ ಕಾಡುವುದು ಮಾತ್ರ ಗಡಿಯಾರ. ಬ್ರಿಟಿಷರ 'ಹಾಫ್ ತ್ರೀ' ಅಂದರೆ ಮೂರೂವರೆ. ಡಚ್ಚರ 'ಹಾಲ್ಫ್ ದ್ರೀ' ಅಂದರೆ ಎರಡೂವರೆ, ಜರ್ಮನ್ನರಿಗೂ ಅಷ್ಟೇ. ನಾವೂ ಬ್ರಿಟಿಷರೂ ಮುಗಿದ ಗಂಟೆಯ ಮೇಲೆ ಅರ್ಧ ಸೇರಿಸುತ್ತೇವೆ. ಇವರು ತುಂಬುತ್ತಿರುವ ಗಂಟೆಯನ್ನು ಎಣಿಸುತ್ತಾರೆ, ಮೂರನೆಯದು ಅರ್ಧ ತುಂಬಿದೆ ಅಂತ. ಅವರ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಇಲ್ಲಿನವರೊಬ್ಬರು ಲಂಡನ್ನಿನವರಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ 'ಹಾಫ್ ತ್ರೀ' ಅಂತ ಹೇಳಿದರು ಅಂದುಕೊಳ್ಳಿ. ಹೇಳಿದವರ ಮನಸ್ಸಿನಲ್ಲಿ ಇಲ್ಲಿನ ಎರಡೂವರೆ. ಕೇಳಿದವರ ಮನಸ್ಸಿನಲ್ಲಿ ಅವರ ಮೂರೂವರೆ, ಅಂದರೆ ಲಂಡನ್ನಿಗಿಂತ ಒಂದು ಗಂಟೆ ಮುಂದಿರುವ ಇಲ್ಲಿನ ನಾಲ್ಕೂವರೆ. ಎರಡು ಗಂಟೆ ವ್ಯತ್ಯಾಸ, ಇಬ್ಬರೂ ಸರಿ. ಅದಕ್ಕೇ ನಾನು ಬರಿಯ ಬಾಯಿಮಾತಿಗೆ ಬಿಡದೆ 14:30 ಅಂತ ಬರೆದು, ಯಾವ ಊರಿನ ಸಮಯ ಅನ್ನುವುದನ್ನೂ ಸೇರಿಸಿ ಕಳಿಸುತ್ತೇನೆ.