ಹಪ್ಪಳಕ್ಕೊಂದು ಒಕ್ಕಣೆ

ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕ ಎರಡು ವರ್ಷದ ಹಿಂದೆ ಹಲಸಿನ ಹಪ್ಪಳ ಮಾರಲು ಶುರು ಮಾಡಿದಳು. ಮಾರುವುದೆಂದರೆ ಅಂಗಡಿಗೆ ಹಾಕುವುದಲ್ಲ. ಚಾಪೆಯ ಮೇಲೆ ಒಣಗುತ್ತಿರುವ ಹಪ್ಪಳದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಂಗೂ ಹಾಕುವುದು. ಫೋಟೋ ತೆಗೆಯುವುದು ಮಗಳ ಕೆಲಸ. ಅದರ ಕೆಳಗಿನ ಸಾಲು ಮಾತ್ರ ನನ್ನ ತಲೆಗೆ ಬಂತು. "ನೀನು ಪೇಪರಲ್ಲಿ ಇದ್ದವ್ನಲ್ವಾ, ಎರಡು ಸಾಲು ಬರ್ದು ಕಳ್ಸು ಮಾರಾಯ" ಅಂದಳು. ಪೇಪರಿನಲ್ಲಿದ್ದವನಿಗೆ ಎರಡೇ ಸಾಲು ಬರೆಯುವುದು ಎಷ್ಟು ಕಷ್ಟ ಎನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಅರ್ಧ ದಿನ ಕೂತು ಬರೆದೆ: "ಮಲೆನಾಡಿನ ಮಣ್ಣಿನ ಘಮ, ಅಜ್ಜಿಯ ಕೈಯ ಮಮತೆ, ನಿಮ್ಮ ಮನೆ ಬಾಗಿಲಿಗೆ!" ನನಗೇ ಹೆಮ್ಮೆಯಾಯಿತು. ಹತ್ತು ನಿಮಿಷಕ್ಕೆ ಅಕ್ಕನ ಫೋನು.

"ಮಣ್ಣಿನ ಘಮ ಅಂದ್ರೆ ಹಪ್ಪಳದಲ್ಲಿ ಮಣ್ಣಿದೆ ಅಂದ್ಕೊಳಲ್ವಾ ಜನ? ಮತ್ತೆ ಅಜ್ಜಿ ಎಲ್ಲಿಂದ ಬಂತು? ಅಜ್ಜಿ ಹೋಗಿ ಹದ್ನಾಲ್ಕು ವರ್ಷ ಆಯ್ತು."

ನಾನು ಸೋತೆನೆಂದು ತಿಳಿದು ಅಕ್ಕನ ಮಗಳು ಮೊಬೈಲಿನ ಎಐಯನ್ನೇ ಕೇಳಿದಳು. ಕೇಳಿ ಮುಗಿಸುವ ಮೊದಲೇ ಅದು ಹತ್ತು ಕ್ಯಾಪ್ಶನ್ ಉದುರಿಸಿತು. ಎಲ್ಲಕ್ಕಿಂತ ಮೇಲಿದ್ದದ್ದು "ಪ್ರತಿ ಕಚ್ಚಿನಲ್ಲೂ ಸಂಪ್ರದಾಯದ ರುಚಿ". ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಕೇಳಿದಳಂತೆ: "ಹಪ್ಪಳ ಕಚ್ಚೂದು ಅಂದ್ರೆ ಎಂತದಾ? ತಿನ್ನೋರು ಮನುಷ್ಯರಾ, ನಾಯಿಯಾ?"

ಈ ಕ್ಯಾಪ್ಶನ್ನಿಗೆ ಕನ್ನಡದಲ್ಲಿ ಅಡಿಬರಹ, ಚಿತ್ರಶೀರ್ಷಿಕೆ ಅಂತೆಲ್ಲ ಪದಗಳಿವೆ. ಪುಸ್ತಕದಲ್ಲಿ ಚೆನ್ನಾಗಿವೆ, ಬಾಯಲ್ಲಿ ನಿಲ್ಲುವುದಿಲ್ಲ. ನನಗೆ ಇಷ್ಟವಾದ ಹಳೇ ಪದ ಒಕ್ಕಣೆ. ಕಾಗದ ಬರೆಯುವ ಕಾಲದಲ್ಲಿ ವಿಷಯಕ್ಕಿಂತ ಮೊದಲು ಒಕ್ಕಣೆ ಇರುತ್ತಿತ್ತು: ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ. ಮನೆಗೆ ಬೆಂಕಿ ಬಿದ್ದಿದ್ದರೂ ಉಭಯ ಕುಶಲ ಬರೆದೇ ಬೆಂಕಿಯ ವಿಷಯಕ್ಕೆ ಬರಬೇಕು. ಎಲ್ಲರೂ ಬರೆಯುತ್ತಿದ್ದದ್ದು ಅದೇ ಸಾಲು, ಯಾರೂ ಓದುತ್ತಿರಲಿಲ್ಲ. ಈಗಿನ "ಪ್ರಕೃತಿಯ ಮಡಿಲಲ್ಲಿ" ಆ ಸಾಂಪ್ರತದ ಮೊಮ್ಮಗ.

ಆ ಮಡಿಲಿನ ವಿಷಯ ಬಂದಾಗ ಒಂದು ತಪ್ಪೊಪ್ಪಿಗೆ. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಮುಳ್ಳಯ್ಯನಗಿರಿಗೆ ಹೋಗಿದ್ದೆವು. ಕೈಮರದ ಚೆಕ್‌ಪೋಸ್ಟಿನ ಮುಂದೆ ಎರಡು ಗಂಟೆ ಕಾರಿನಲ್ಲೇ ಕೂತಿದ್ದೆವು. ಮುಂದಿನ ಕಾರಿನ ಮಗು ಕಿಟಕಿಯಿಂದ ನಮಗೆ ನಾಲಿಗೆ ತೋರಿಸುತ್ತಿತ್ತು, ನಾವೂ ತೋರಿಸಿದೆವು. ಅಷ್ಟು ಹೊತ್ತಿಗೆ ಅದರ ಹೆಸರು, ಅದಕ್ಕೆ ಚಿಪ್ಸ್ ಕೊಡದ ಅಪ್ಪನ ಸ್ವಭಾವ, ಎಲ್ಲ ಗೊತ್ತಾಗಿತ್ತು. ಮೇಲೆ ಹೋದರೆ ಬರೀ ಮಂಜು, ಪಕ್ಕದಲ್ಲಿ ನಿಂತ ಹೆಂಡತಿಯೂ ಅರ್ಧ ಕಾಣುತ್ತಿದ್ದಳು. ಆ ಬಿಳಿಯ ಫೋಟೋ ಹಾಕಿ ಕೆಳಗೆ ನಾನು ಬರೆದದ್ದೇನು? "ಪ್ರಕೃತಿಯ ಮಡಿಲಲ್ಲಿ". ನಾಲಿಗೆ ತೋರಿಸಿದ ಮಗುವಿನ ಬಗ್ಗೆ ಒಂದಕ್ಷರ ಇಲ್ಲ.

ನಾನು ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ ಒಂಬತ್ತು ವರ್ಷ ಫೋಟೋಗಳ ಕೆಳಗೆ ಬರೆದವನು. ಅಲ್ಲಿ ಕಾವ್ಯಕ್ಕೆ ಜಾಗ ಇರಲಿಲ್ಲ. ಎಡದಿಂದ ಬಲಕ್ಕೆ ಹೆಸರು, ಹೆಸರಿನ ಹಿಂದೆ ಹುದ್ದೆ, ಕೊನೆಗೆ "ಮುಂತಾದವರು ಉಪಸ್ಥಿತರಿದ್ದರು". ಒಂದು ಸಲ ಸಹಕಾರ ಸಂಘದ ಸನ್ಮಾನದ ಫೋಟೋ ಬಂತು. ಕ್ಯಾಪ್ಶನ್ನಿನಲ್ಲಿ ಐದು ಹೆಸರು. ಪುಟದಲ್ಲಿ ಕೆಳಗಡೆ ಜಾಹೀರಾತು ಜಾಸ್ತಿಯಾಗಿ, ಫೋಟೋವನ್ನು ಬಲಗಡೆ ಒಂದಿಷ್ಟು ಕತ್ತರಿಸಿದರು. ಹೆಸರು ಮಾತ್ರ ಐದೇ ಉಳಿಯಿತು. ಮಾರನೇ ದಿನ ಬೆಳಿಗ್ಗೆ ಬಿಳಿ ಅಂಗಿಯ ಹಿರಿಯರೊಬ್ಬರು ಪೇಪರು ಮಡಚಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಡಿಸಿದರು. "ಐದನೇ ಹೆಸರು ನಂದು. ನಾನೆಲ್ಲಿ?"

ನೋಡಿದೆ. ಹಾರದ ತುದಿ ಹಿಡಿದ ಒಂದು ಕೈ ಇತ್ತು, ಮೊಣಕೈವರೆಗೆ. "ಇದು ತಾವೇ ಸಾರ್" ಅಂದೆ. ಅವರು ವಾಚು ನೋಡಿ ಗುರುತು ಹಿಡಿದರು. ಸಿಟ್ಟಾಗುತ್ತಾರೆ ಅಂದುಕೊಂಡರೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೂ ನಾಲ್ಕು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಹೆಸರು ಇತ್ತಲ್ಲ, ಕೈ ಸಾಕಾಯಿತು.

ಜಾಲತಾಣದ ಕ್ಯಾಪ್ಶನ್ನಿಗೆ ಬೇರೆಯೇ ಕಾನೂನು. ಇನ್‌ಸ್ಟಾಗ್ರಾಂ 2,200 ಅಕ್ಷರದವರೆಗೆ ಬರೆಯಲು ಬಿಡುತ್ತದೆ. ಬಿಡುವುದು ಬೇರೆ, ತೋರಿಸುವುದು ಬೇರೆ. ಒಂದೆರಡು ಸಾಲು ತೋರಿಸಿ ಉಳಿದದ್ದನ್ನು "ಮೋರ್" ಎಂಬ ಪುಟ್ಟ ಬಾಗಿಲ ಹಿಂದೆ ಇಡುತ್ತದೆ. ಆ ಬಾಗಿಲು ತಟ್ಟುವವರು ನಿಮ್ಮ ಅಕ್ಕ ಮತ್ತು ನಿಮ್ಮ ವೈರಿ, ಇಬ್ಬರೇ. ಹಾಗಾಗಿ ಹೇಳಬೇಕಾದದ್ದನ್ನು ಮೊದಲ ಸಾಲಿಗೇ ತರಬೇಕು ಎಂದು ಈ ವಿದ್ಯೆ ಬಲ್ಲವರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಕ್ಯಾಪ್ಶನ್ನಿನಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ, ಅದಕ್ಕೇ ಎಲ್ಲರೂ "ಲಿಂಕ್ ಬಯೋದಲ್ಲಿದೆ" ಅನ್ನುವುದು. ಈ ಅಕ್ಷರಗಳ ಲೆಕ್ಕದಲ್ಲಿ ಕನ್ನಡಕ್ಕೆ ಸ್ವಲ್ಪ ಅನ್ಯಾಯವೂ ಇದೆ. ಹಪ್ಪಳ ನಮಗೆ ಮೂರಕ್ಷರ, ಕಂಪ್ಯೂಟರಿಗೆ ಐದು. ಒತ್ತೂ ಅದರ ಹಿಂದೆ ಅಕ್ಷರವನ್ನು ಅರ್ಧ ಮಾಡುವ ಚಿಹ್ನೆಯೂ ಲೆಕ್ಕಕ್ಕೆ ಬರುತ್ತವೆ. ಲಕ್ಷ್ಮಿ ಎರಡೇ ಅಕ್ಷರದಲ್ಲಿ ಮುಗಿಯುತ್ತಾಳೆ ಅಂದುಕೊಂಡರೆ ಏಳು. ಟ್ವಿಟರ್ ಮೊದಲು 140 ಅಕ್ಷರ ಕೊಟ್ಟಿದ್ದು ಎಸ್ಸೆಮ್ಮೆಸ್ಸಿನ 160ರಲ್ಲಿ 20 ಹೆಸರಿಗೆ ಬಿಟ್ಟು. 2017ರಲ್ಲಿ ಅದನ್ನು 280 ಮಾಡಿದಾಗ ಒತ್ತಕ್ಷರದ ನಾವು ಉಸಿರು ಬಿಟ್ಟೆವು.

ಇನ್ನು ಹ್ಯಾಷ್‌ಟ್ಯಾಗು. 2007ರ ಆಗಸ್ಟಿನಲ್ಲಿ ಕ್ರಿಸ್ ಮೆಸ್ಸಿನಾ ಎಂಬಾತ, ಗುಂಪುಗಳಿಗೆ ಈ ಗುರುತು ಬಳಸಿದರೆ ಹೇಗೆ ಎಂದು ಟ್ವಿಟರಿನಲ್ಲಿ ಸುಮ್ಮನೆ ಕೇಳಿದ. ಅವನು ಕೇಳಿದ್ದು ಒಂದು ಗುರುತಿಗೆ. ಅಕ್ಕನ ಮಗಳು ಒಂದೇ ಹಪ್ಪಳಕ್ಕೆ ಇಪ್ಪತ್ತೆಂಟು ಹಾಕಿದ್ದಳು, ಅದರಲ್ಲಿ ಒಂದು ಪ್ಯಾರಿಸ್. ಯಾಕೆ ಅಂದರೆ "ಅದು ತುಂಬ ಓಡತ್ತೆ ಮಾಮ" ಅಂದಳು. ಇದರ ಜೊತೆಗೆ "ಇಷ್ಟವಾದರೆ ಲೈಕ್ ಮಾಡಿ, ಇಂಥ ಗೆಳೆಯರನ್ನು ಟ್ಯಾಗ್ ಮಾಡಿ" ಎಂಬ ಬೇಡಿಕೆ. ಹಾಗೆ ಅಂಗಲಾಚುವ ಪೋಸ್ಟುಗಳನ್ನು ಕೆಳಗೆ ತಳ್ಳುತ್ತೇವೆ ಎಂದು ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಹೇಳಿತ್ತು. ಅಂಗಲಾಚುವುದು ನಿಂತಿಲ್ಲ.

ನಿಲ್ಲುವುದೂ ಇಲ್ಲ, ಯಾಕೆಂದರೆ ಅದು ಸಾವಿರ ವರ್ಷ ಹಳೆಯದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದದ್ದು, ಕ್ರಿ.ಶ. 949–50ರದು. ಕಲ್ಲಿನಲ್ಲಿ ಒಂದು ಚಿತ್ರ: ನಾಯಿಯೂ ಕಾಡುಹಂದಿಯೂ ಎದುರುಬದುರಾಗಿ ಮೈಮೇಲೆ ಬಿದ್ದಿವೆ. ಸುತ್ತ ಹಳಗನ್ನಡದ ಬರಹ. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಮೇಲೆ, ಮಣಲೆರನೆಂಬ ಯೋಧನ ಶೌರ್ಯಕ್ಕೆ ಮೆಚ್ಚಿ ಅರಸ ಬೇಕಾದ್ದು ಕೇಳು ಅಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಅದಕ್ಕೆ ಈ ಕಲ್ಲು.

ಚಿತ್ರ ಮಾತ್ರ ಇದ್ದಿದ್ದರೆ ನಾವು "ಬೇಟೆಯ ದೃಶ್ಯ" ಅಂತ ಚೀಟಿ ಅಂಟಿಸಿ ಮುಂದಿನ ಕಲ್ಲಿಗೆ ಹೋಗುತ್ತಿದ್ದೆವು. ಬರಹ ಇದ್ದದ್ದಕ್ಕೆ ಅದು ಕಾಳಿಯಾಯಿತು. ಅಷ್ಟೇ ಅಲ್ಲ, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಎಂದೂ ಅದರಲ್ಲಿ ಕೆತ್ತಿದ್ದಾರೆ. ಹನ್ನೊಂದು ಜನಕ್ಕೆ ಕಳಿಸದಿದ್ದರೆ ಕೇಡು ಕಾದಿದೆ ಎನ್ನುವ ವಾಟ್ಸಾಪ್ ಫಾರ್ವರ್ಡು ನೆನಪಾಗಿ ನಾನು ಆ ವಸ್ತುಸಂಗ್ರಹಾಲಯದಲ್ಲಿ ಒಬ್ಬನೇ ನಕ್ಕೆ. ಕಾವಲುಗಾರ ತಿರುಗಿ ನೋಡಿದ.

ನಮ್ಮ ಮನೆಯಲ್ಲೊಂದು ಹಳೇ ಗ್ರೂಪ್ ಫೋಟೋ ಇದೆ. ಮದುವೆಯದು, ಹದಿನೇಳು ಜನ. ಮುಂದಿನ ಸಾಲಿನಲ್ಲಿ ಚಡ್ಡಿ ಹಾಕಿದ ಒಂದು ಹುಡುಗ ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಾನೆ. ಅವನು ಯಾರು ಎಂಬುದಕ್ಕೆ ಪ್ರತಿ ಶ್ರಾದ್ಧದ ಊಟದ ನಂತರ ಚರ್ಚೆಯಾಗುತ್ತದೆ. ದೊಡ್ಡಪ್ಪ ಎನ್ನುವವರು ಕೆಲವರು, ಅಡುಗೆಭಟ್ಟರ ಮಗ ಎನ್ನುವವರು ಕೆಲವರು. ಫೋಟೋ ಹಿಂದೆ ತಿರುಗಿಸಿದರೆ ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: "ಹೋಳಿಗೆ ಸಾಲಲಿಲ್ಲ." ಬರೆದವರಿಗೆ ಅವತ್ತು ಯಾವುದು ಮುಖ್ಯವೋ ಅದನ್ನು ಬರೆದಿದ್ದಾರೆ. ಹುಡುಗ ಎತ್ತ ನೋಡುತ್ತಿದ್ದ ಎನ್ನುವುದಕ್ಕೂ ಅದರಲ್ಲೇ ಉತ್ತರ ಇರಬಹುದು ಅಂತ ನನ್ನ ಗುಮಾನಿ.

ಅಕ್ಕನ ಕಡೆಗೆ ಬರುತ್ತೇನೆ. ಏಪ್ರಿಲ್‌ನಲ್ಲಿ ಒಂದು ದಿನ ನಾನು ಸಾಲು ಕಳಿಸುವುದು ಮರೆತೆ. ಅವಳು ತಾನೇ ಬರೆದು ಹಾಕಿದಳು: "ನಿನ್ನೆ ಮೂರು ಗಂಟೆಗೆ ಮಳೆ ಬಂತು. ಓಡಿ ಎತ್ತಿದಷ್ಟು ಉಳೀತು. ಹನ್ನೊಂದು ಕಟ್ಟು." ಅಷ್ಟೇ. ಸಂಜೆಯೊಳಗೆ ಮೂವತ್ತು ಚಿಲ್ಲರೆ ಮೆಸೇಜು. ನೆನೆದದ್ದನ್ನು ಏನು ಮಾಡಿದಿರಿ ಎಂದು ಕೇಳಿದವರು ನಾಲ್ಕು ಜನ. ಬೆಂಗಳೂರಿನ ಒಬ್ಬರಂತೂ ತಮ್ಮ ಅಮ್ಮ ಗುಡುಗು ಕೇಳಿದ ಕೂಡಲೇ ಕೈಯಲ್ಲಿದ್ದ ಸೌಟು ಸಮೇತ ಅಂಗಳಕ್ಕೆ ಓಡುತ್ತಿದ್ದದ್ದನ್ನು ಎರಡು ಪುಟ ಬರೆದಿದ್ದರು. ಅಕ್ಕನಿಗೆ ತಲೆ ಕೆಟ್ಟಿತು. "ಹಪ್ಪಳ ಬೇಕಾ ಬೇಡ್ವಾ ಹೇಳದೆ ಎಲ್ಲರೂ ಅವ್ರವ್ರ ಅಮ್ಮನ ಕಥೆ ಹೇಳ್ತಾರೆ, ನಾ ಎಷ್ಟಂತ ಕೇಳ್ಲಿ?" ಹನ್ನೊಂದು ಕಟ್ಟೂ ಹೋಯಿತು ಅನ್ನಿ. ಆ ಹುಮ್ಮಸ್ಸಿನಲ್ಲಿ ಮರುವಾರ "ಹಪ್ಪಳ ಇದೆ" ಅಂತ ಬರೆದಳು. ಯಾರೂ ತಿರುಗಿ ನೋಡಲಿಲ್ಲ. ಸರಳವಾಗಿ ಬರೆದರೆ ಸಾಕು ಎನ್ನುವವರಿಗೆ ನಾನು ಈ ಎರಡನೆಯ ಸಾಲನ್ನೂ ತೋರಿಸುತ್ತೇನೆ.

ಈಗ ನನ್ನ ಪದ್ಧತಿ ಬದಲಾಗಿದೆ. ಅಕ್ಕ ಫೋಟೋ ಕಳಿಸಿದರೆ ಸಾಲು ಬರೆಯುವ ಬದಲು ಪ್ರಶ್ನೆ ಕಳಿಸುತ್ತೇನೆ. ಈ ವರ್ಷ ಭರಣಿಯಲ್ಲಿ ಉಪ್ಪಿಗೆ ಹಾಕಿದ ಜೀರಿಗೆ ಮಾವಿನ ಮಿಡಿಯ ಫೋಟೋ ಬಂತು. "ಮಿಡಿ ಯಾವ ಮರದ್ದು? ಹತ್ತಿದ್ದು ಯಾರು?" ಅಂತ ಕೇಳಿದೆ. ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಬಂತು. ಹಳ್ಳದ ದಂಡೆಯ ಮರವಂತೆ. ನೆಲಕ್ಕೆ ಬಿದ್ದರೆ ಮಿಡಿ ಪೆಟ್ಟಾಗಿ ಕೊಳೆಯುತ್ತದೆಂದು ಭಾವನೇ ಬುಟ್ಟಿ ಕಟ್ಟಿಕೊಂಡು ಹತ್ತಿದರಂತೆ. ಕೊಂಬೆಯ ತುಂಬ ಚಗಳಿ ಇರುವೆಯ ಗೂಡು. ಇಳಿಯುವಷ್ಟರಲ್ಲಿ ಕುತ್ತಿಗೆ, ಬೆನ್ನು, ಹೇಳಬಾರದ ಜಾಗ, ಎಲ್ಲ ಕಡೆ ಕಚ್ಚಿ, ಭಾವ ಮರದ ಮೇಲಿಂದಲೇ ಮೂರು ತಲೆಮಾರಿನವರನ್ನು ಬೈದರಂತೆ. ನಾನು ಪೆನ್ನು ಹಿಡಿದು ಕೂತೆ. ಪ್ರತಿ ಕಚ್ಚಿನಲ್ಲೂ ಎಂಬ ಮಾತಿಗೆ ಕೊನೆಗೂ ಒಂದು ಜಾಗ ಸಿಕ್ಕಿತಲ್ಲ ಅಂದುಕೊಳ್ಳುವಷ್ಟರಲ್ಲಿ ಮೆಸೇಜಿನ ಕೊನೆಯಲ್ಲಿ ಅಕ್ಕ ದನಿ ತಗ್ಗಿಸಿದಳು.

"ಇದನ್ನೆಲ್ಲ ಬರ್ದುಗಿರ್ದು ಹಾಕ್ಬೇಡ ಮಾರಾಯ. ಆ ಮರ ನಮ್ದಲ್ಲ."