"ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ"

ಇವತ್ತು ಬೆಳಿಗ್ಗೆ ವಾಟ್ಸಾಪ್ ಗುಂಪೊಂದರಲ್ಲಿ ‘ಎಲ್‌ಒಆರ್ ಸ್ಯಾಂಪಲ್, ಹೆಸರು ಬದಲಾಯಿಸಿದ್ರೆ ಸಾಕು’ ಅಂತ ಒಂದು ವರ್ಡ್ ಫೈಲ್ ಓಡಾಡ್ತಿತ್ತು. ಎಲ್‌ಒಆರ್ ಅಂದ್ರೆ ವಿದ್ಯಾರ್ಥಿಯ ಬಗ್ಗೆ ಮೇಷ್ಟ್ರು ಬರೆದುಕೊಡಬೇಕಾದ ಶಿಫಾರಸು ಪತ್ರ. ನೋಡಿ ಮೈ ಉರಿದುಹೋಯ್ತು. ಅಮೆರಿಕದ ಎಂಎಸ್‌ಗೆ (ಸ್ನಾತಕೋತ್ತರ ಪದವಿಗೆ) ಅರ್ಜಿ ಹಾಕುವ ಕಾಲ ಬಂತೆಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ಇದೇ ಮಾತು: "ನೀನೇ ಬರ್ಕೊಂಡು ಬಾ." ಹುಡುಗರಿಗೂ ಅದು ತಪ್ಪು ಅನ್ನಿಸೋದಿಲ್ಲ, ಮೇಷ್ಟ್ರಿಗೂ ಅನ್ನಿಸೋದಿಲ್ಲ.

ಹೀಗೆ ಬರೆದ ಪತ್ರ ಎಲ್ಲಿ ಸಿಕ್ಕಿಬೀಳುತ್ತೆ ಗೊತ್ತಾ? ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳು ಕೇಳೋದು ಮೂರು ಪತ್ರ. ಮೂರನ್ನೂ ಒಬ್ಬನೇ ಹುಡುಗ ಒಂದೇ ರಾತ್ರಿ ಕೂತು ಬರೀತಾನೆ. ಅಲ್ಲಿ ಅರ್ಜಿ ಪರಿಶೀಲಿಸುವವರು ಮೂರನ್ನೂ ಪಕ್ಕಪಕ್ಕ ಇಟ್ಕೊಂಡೇ ಓದೋದು, ಜೊತೆಗೆ ಅವನ ಎಸ್‌ಒಪಿ (ಯಾಕೆ ಈ ಓದು ಅಂತ ಅವನೇ ಬರೆಯುವ ಪ್ರಬಂಧ) ಕೂಡ. ಅದೇ ವಾಕ್ಯದ ಧಾಟಿ, ಅದೇ ‘ಹಾರ್ಡ್‌ವರ್ಕಿಂಗ್, ಸಿನ್ಸಿಯರ್’. 2020ರ ನಂತರ ಅಲ್ಲಿನ ಎಷ್ಟೋ ವಿಭಾಗಗಳು ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟಿವೆ, ಇಲ್ಲವೇ ಕಡ್ಡಾಯ ಅಲ್ಲ ಅಂದಿವೆ. ಮಾರ್ಕ್ಸ್ ಕಾರ್ಡ್ ಹೇಳದ್ದನ್ನು ಹೇಳೋಕೆ ಉಳಿದಿರುವುದೇ ಈ ಪತ್ರ. ಅದನ್ನೇ ಹೀಗೆ ಹಾಳು ಮಾಡ್ಕೊಳ್ತಾರಲ್ಲ!

ಮೇಷ್ಟ್ರು ಬರೆಯಬಲ್ಲದ್ದನ್ನು ಹುಡುಗ ಬರೆಯಲಾರ. ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಸೆನ್ಸರ್ ರೀಡಿಂಗ್ ತಪ್ಪು ಬರ್ತಿದ್ದಾಗ ಉಳಿದವರು ಕೋಡ್ ತಿದ್ದುತ್ತಾ ಕೂತರು, ಇವಳೊಬ್ಬಳು ಮಲ್ಟಿಮೀಟರ್ ಹಿಡಿದು ಗ್ರೌಂಡ್ ವೈರ್ ಸಡಿಲವಾಗಿದ್ದನ್ನು ಪತ್ತೆ ಮಾಡಿದಳು ಅನ್ನೋ ಒಂದು ಸಾಲು ಹತ್ತು ಹೊಗಳಿಕೆಗೆ ಸಮ. ಆ ಬ್ಯಾಚಿನ ಅರವತ್ತು ಮಂದಿಯಲ್ಲಿ ಅವಳು ಎಲ್ಲಿ ನಿಲ್ತಾಳೆ ಅನ್ನೋದು ಅವಳಿಗೇ ಗೊತ್ತಿರೋದಿಲ್ಲ. ಅರ್ಜಿಯ ಪೋರ್ಟಲ್‌ನಲ್ಲಿ ಮೇಷ್ಟ್ರನ್ನು ಕೇಳೋದೂ ಇದನ್ನೇ: ಎಷ್ಟು ಕಾಲದಿಂದ ಬಲ್ಲಿರಿ, ಯಾವ ನೆಲೆಯಲ್ಲಿ ಬಲ್ಲಿರಿ, ಮೇಲಿನ ಶೇ. 5ರಲ್ಲೋ ಶೇ. 10ರಲ್ಲೋ ಶೇ. 25ರಲ್ಲೋ. ಆ ಕೋಷ್ಟಕವನ್ನೂ ಹುಡುಗನೇ ತುಂಬಿದರೆ ಎಲ್ಲ ಕಡೆ ಶೇ. 5!

ಇನ್ನೊಂದು ವಿಷಯ ಯಾರೂ ಹೇಳಿಕೊಡೋದಿಲ್ಲ. ಅಮೆರಿಕದಲ್ಲಿ 1974ರ ಫರ್ಪಾ ಅನ್ನೋ ಕಾನೂನಿದೆ. ಸೇರಿದ ಮೇಲೆ ತನ್ನ ದಾಖಲೆಗಳನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಅದರಡಿ ಸಿಗುತ್ತೆ. ಈ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡ್ತೀರಾ ಅಂತ ಅರ್ಜಿಯಲ್ಲಿ ಕೇಳ್ತಾರೆ. ನೋಡದ ಪತ್ರಕ್ಕೇ ಬೆಲೆ ಹೆಚ್ಚು ಅಂತ ಹೆಚ್ಚಿನವರು ‘ಹೌದು’ ಅಂತ ಟಿಕ್ ಮಾಡ್ತಾರೆ. ತಾನೇ ಬರೆದ ಪತ್ರವನ್ನು ನೋಡೋದಿಲ್ಲ ಅಂತ ಸಹಿ ಹಾಕೋದು ಸುಳ್ಳಲ್ಲವಾ? ಕೆಲವು ಕನ್ಸಲ್ಟೆನ್ಸಿಗಳು ಮೇಷ್ಟ್ರ ಹೆಸರಲ್ಲಿ ಜಿಮೇಲ್ ತೆರೆದು ತಾವೇ ಅಪ್‌ಲೋಡ್ ಮಾಡೋದಂತೂ ನೇರ ಮೋಸ. ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೂ ಹಿಂದಕ್ಕೆ ಪಡೀಬಹುದು. ಆಗ ಕನ್ಸಲ್ಟೆನ್ಸಿಯವರು ಫೋನ್ ಎತ್ತೋದಿಲ್ಲ.

ಮೇಷ್ಟ್ರಿಗೆ ಪುರುಸೊತ್ತಿಲ್ಲ ಅಂತೀರಿ. ಇಂಟರ್ನಲ್ಸ್, ಲ್ಯಾಬ್, ನ್ಯಾಕ್ ಮಾನ್ಯತೆಯ ಫೈಲು, ಎಲ್ಲ ನಿಜ. ಆದರೆ ಒಬ್ಬ ವಿದ್ಯಾರ್ಥಿಗೆ ಪತ್ರ ಬರೆಯೋದು ಒಂದೇ ಸಲ. ಆಮೇಲೆ ಉಳಿಯೋದು ವಿಶ್ವವಿದ್ಯಾಲಯದ ಹೆಸರು ಬದಲಾಯಿಸಿ ಅಪ್‌ಲೋಡ್ ಮಾಡುವ ಕೆಲಸ. ಇಂಗ್ಲಿಷ್ ಚೆನ್ನಾಗಿರಲ್ಲ ಅನ್ನೋ ಸಂಕೋಚವೂ ಬೇಡ. ಮೇಷ್ಟ್ರ ಇಂಗ್ಲಿಷಿಗೆ ಅಲ್ಲಿ ಯಾರೂ ಮಾರ್ಕ್ಸ್ ಹಾಕೋದಿಲ್ಲ.

ಹುಡುಗರಿಗೆ ಹೇಳ್ತೀನಿ, ಕೇಳುವ ಕ್ರಮ ಕಲೀರಿ. ಎಷ್ಟೋ ಗಡುವುಗಳು ಡಿಸೆಂಬರ್ 1ರಿಂದ ಜನವರಿ 15ರ ಒಳಗೆ ಬರ್ತವೆ. ಕನಿಷ್ಠ ಆರು ವಾರ ಮೊದಲು ಕೇಳಿ. ನಿಮ್ಮ ಮುಖವೇ ನೆನಪಿಲ್ಲದ ಪ್ರಿನ್ಸಿಪಾಲರ ಹತ್ತಿರ ಹೋಗಬೇಡಿ. ಹುದ್ದೆ ದೊಡ್ಡದಾದ ಮಾತ್ರಕ್ಕೆ ಪತ್ರ ದೊಡ್ಡದಾಗೋದಿಲ್ಲ. ಪ್ರಾಜೆಕ್ಟ್ ಗೈಡ್, ಎರಡು ಸೆಮ್ ಪಾಠ ಮಾಡಿದವರು, ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಕೆಲಸ ನೋಡಿದವರು, ಇವರನ್ನು ಕೇಳಿ. "ಸರ್, ನನ್ನ ಬಗ್ಗೆ ಒಳ್ಳೆಯ ಪತ್ರ ಬರೆಯುವಷ್ಟು ನನ್ನ ಕೆಲಸ ನಿಮಗೆ ಗೊತ್ತಿದೆಯಾ?" ಅಂತಲೇ ಕೇಳಿ. ಅವರು ತಡವರಿಸಿದರೆ ನಮಸ್ಕಾರ ಹೇಳಿ ಬೇರೆಯವರ ಹತ್ತಿರ ಹೋಗಿ.

ಒಪ್ಪಿದ ಮೇಲೆ ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ: ಮಾರ್ಕ್ಸ್ ಕಾರ್ಡ್, ರೆಸ್ಯೂಮೆ, ಎಸ್‌ಒಪಿ ಕರಡು, ಗಡುವಿನ ಪ್ರಕಾರ ಜೋಡಿಸಿದ ವಿಶ್ವವಿದ್ಯಾಲಯಗಳ ಪಟ್ಟಿ. ಜೊತೆಗೆ ಅರ್ಧ ಪುಟದ ಟಿಪ್ಪಣಿ. ಯಾವ ಸೆಮ್, ಯಾವ ವಿಷಯ, ಪ್ರಾಜೆಕ್ಟಿನಲ್ಲಿ ನೀವೇ ಮಾಡಿದ್ದು ಯಾವುದು, ಏನು ಕೆಟ್ಟಿತು, ಹೇಗೆ ಸರಿ ಮಾಡಿದಿರಿ ಅನ್ನೋದು ಅದರಲ್ಲಿರಲಿ. ಅದು ಅವರ ನೆನಪಿಗೆ. "ನೀನೇ ಬರ್ಕೊಂಡು ಬಾ" ಅಂದವರ ಮುಂದೆಯೂ ಈ ಟಿಪ್ಪಣಿಯನ್ನೇ ಇಡಿ, ಪತ್ರ ಇಡಬೇಡಿ.

ಪೋರ್ಟಲ್‌ನಲ್ಲಿ ಅವರ ಕಾಲೇಜಿನ ಮೇಲ್ ಐಡಿ ಕೊಡಿ. ಕೆಲವು ಪೋರ್ಟಲ್‌ಗಳು ಹೆಸರು ಸೇವ್ ಮಾಡಿದ ಕೂಡಲೇ ಲಿಂಕ್ ಕಳಿಸ್ತವೆ, ಕೆಲವು ಅರ್ಜಿ ಸಬ್‌ಮಿಟ್ ಆದ ಮೇಲಷ್ಟೇ. ಎರಡನೇ ಥರದ್ದಾದರೆ ಕೊನೆಯ ದಿನದವರೆಗೆ ಕಾಯಬೇಡಿ, ಮೇಷ್ಟ್ರಿಗೆ ಸಮಯವೇ ಸಿಗೋದಿಲ್ಲ. ಲಿಂಕ್ ಸ್ಪ್ಯಾಮ್‌ಗೆ ಹೋಗೋದು ಮಾಮೂಲು, ಅದನ್ನು ಮೊದಲೇ ಹೇಳಿಡಿ. ಗಡುವಿಗೆ ಹತ್ತು ದಿನ ಇರುವಾಗ ಒಮ್ಮೆ, ಮೂರು ದಿನ ಇರುವಾಗ ಒಮ್ಮೆ ನೆನಪಿಸಿ. ಸೀಟು ಸಿಗಲಿ ಬಿಡಲಿ, ಏನಾಯ್ತು ಅಂತ ಅವರಿಗೆ ತಿಳಿಸಿ.

ಮೇಷ್ಟ್ರೇ, ಮೇಡಂ, ನಿಮ್ಮಲ್ಲೂ ಒಂದು ಕೋರಿಕೆ. ಬರೆಯೋಕೆ ಆಗದಿದ್ದರೆ "ಆಗಲ್ಲಪ್ಪ" ಅಂತ ಅಕ್ಟೋಬರ್‌ನಲ್ಲೇ ಹೇಳಿಬಿಡಿ. ಆ ಮಗುವಿಗೆ ಇನ್ನೊಬ್ಬರನ್ನು ಹುಡುಕಿಕೊಳ್ಳೋಕೆ ಸಮಯವಾದರೂ ಇರುತ್ತೆ.